ಹದಿನಾರು ದಿನ ನಿಂತ ಯಂತ್ರ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಸರ್ಕಾರಿ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆಯ ಲೀನಿಯರ್ ಆಕ್ಸಿಲರೇಟರ್ ಯಂತ್ರವನ್ನು ಉದ್ಘಾಟಿಸಿದ ದಿನ ನೀವು ಮಾಡಿದ ಭಾಷಣವನ್ನು ನಾನು ಎದುರಿನ ಸಾಲಿನಲ್ಲೇ ಕುಳಿತು ಕೇಳಿದ್ದೆ. ಇನ್ನು ಮುಂದೆ ಕ್ಯಾನ್ಸರ್ ರೋಗಿಗಳು ಬೆಂಗಳೂರಿಗೆ ಅಲೆಯಬೇಕಿಲ್ಲ ಎಂದಿರಿ. ನಾನೂ ಚಪ್ಪಾಳೆ ತಟ್ಟಿದೆ. ಮುಂದೊಂದು ದಿನ ನನ್ನ ಅವ್ವನೇ ಅದರ ಕೆಳಗೆ ಮಲಗುತ್ತಾಳೆಂದು ಆಗ ಗೊತ್ತಿರಲಿಲ್ಲ.

ಅವ್ವನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. ಒಟ್ಟು 70 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ) ವಿಕಿರಣವನ್ನು 35 ಸರದಿಗಳಲ್ಲಿ, ವಾರಕ್ಕೆ ಐದು ದಿನದಂತೆ ಏಳು ವಾರ ಕೊಡಬೇಕೆಂದು ವೈದ್ಯರು ಬರೆದರು. ನಮ್ಮ ಕಡೆ ಇದಕ್ಕೆ ಕರೆಂಟ್ ಕೊಡಿಸುವುದು ಎನ್ನುತ್ತಾರೆ. ಐಎಂಆರ್‌ಟಿ ಎಂಬ ವಿಧಾನದಲ್ಲಿ ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣವನ್ನು ಹೊಂದಿಸಿ, ಕಿವಿಯ ಬಳಿಯ ಜೊಲ್ಲು ಗ್ರಂಥಿಗಳನ್ನು ಆದಷ್ಟು ಉಳಿಸುತ್ತಾರೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಚಿಕಿತ್ಸೆಯಾಗಿ ವರ್ಷ ಕಳೆದರೂ ಬಾಯಿ ಒಣಗಿ ಒದ್ದಾಡುತ್ತಿದ್ದವರು ಹಳೆಯ ವಿಧಾನದಲ್ಲಿ ಶೇ 74, ಈ ವಿಧಾನದಲ್ಲಿ ಶೇ 38. ಜೋಳದ ರೊಟ್ಟಿ ನುಂಗಲು ಜೊಲ್ಲು ಬೇಕು, ಶಾಸಕರೇ.

ಹದಿನೇಳು ಸರದಿ ಮುಗಿದವು. ಹದಿನೆಂಟನೆಯ ದಿನ ಬೆಳಗಿನ ಐದು ಗಂಟೆಯ ಬಸ್ ಹಿಡಿದು ಹೋದಾಗ ಬಾಗಿಲಿಗೆ ಚೀಟಿ ಅಂಟಿಸಿದ್ದರು: ಯಂತ್ರ ಕೆಟ್ಟಿದೆ. ಯಾವಾಗ ಸರಿಯಾಗುತ್ತದೆ ಎಂದರೆ, ವಾರ್ಷಿಕ ನಿರ್ವಹಣೆಯ ಒಪ್ಪಂದ ಮುಗಿದಿದೆ, ನವೀಕರಣದ ಕಡತ ಮೇಲಿದೆ, ಅಲ್ಲಿಯವರೆಗೆ ಕಂಪನಿಯ ಎಂಜಿನಿಯರ್ ಬರುವುದಿಲ್ಲ ಎಂಬ ಉತ್ತರ. ಒಪ್ಪಂದ ಯಾವ ದಿನ ಮುಗಿಯುತ್ತದೆಂದು ಮೊದಲೇ ಕಾಗದದಲ್ಲಿ ಬರೆದಿರುವುದಿಲ್ಲವೇ? ಹದಿನಾರು ದಿನ ಕಾದೆವು. ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆ ಗೆಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇ 1ಕ್ಕೂ ಹೆಚ್ಚು ಕುಸಿಯುತ್ತದೆ. ಸಾಯದೆ ಉಳಿದ ಕ್ಯಾನ್ಸರ್ ಜೀವಕೋಶಗಳು ಆ ಬಿಡುವಿನಲ್ಲಿ ವೇಗವಾಗಿ ಬೆಳೆಯುತ್ತವೆ. ಆ ಹದಿನಾರು ದಿನಗಳ ಲೆಕ್ಕವನ್ನು ನೀವೇ ಹಾಕಿ ನೋಡಿ.

ಯಂತ್ರ ಸರಿಯಾದ ದಿನವೂ ಅವ್ವನಿಗೆ ಚಿಕಿತ್ಸೆ ಸಿಗಲಿಲ್ಲ. ಚಿಕಿತ್ಸೆ ಶುರುವಾಗುವ ಮುನ್ನ ಬಿಸಿನೀರಿನಲ್ಲಿ ಮೆತ್ತಗಾಗಿಸಿ ಅವಳ ಮುಖಕ್ಕೆ ಅಚ್ಚೊತ್ತಿದ್ದ ಬಿಳಿ ಜಾಲರಿಯ ಮುಖವಾಡವಿದೆ. ತಲೆ ಅಲುಗದಂತೆ ಅದನ್ನು ಮಂಚಕ್ಕೆ ಬಿಗಿಯುತ್ತಾರೆ, ಏಕೆಂದರೆ ಕೆಲವೇ ಮಿಲಿಮೀಟರ್ ಸರಿದರೂ ಕಿರಣ ಬೀಳುವ ಜಾಗ ತಪ್ಪುತ್ತದೆ. ಗಂಜಿಯನ್ನೂ ನುಂಗಲಾಗದೆ ಅವ್ವ ಐದು ಕಿಲೋ ಇಳಿದಿದ್ದಳು. ತಂತ್ರಜ್ಞೆ ಮುಖವಾಡ ಹಾಕಿ, ಕೆನ್ನೆಗೂ ಜಾಲರಿಗೂ ನಡುವೆ ಬೆರಳು ತೂರಿಸಿ ನೋಡಿದಳು. ಬೆರಳು ಸಲೀಸಾಗಿ ಹೋಯಿತು. ಆ ಹುಡುಗಿ ನನ್ನ ಮುಖ ನೋಡಲಿಲ್ಲ. ಹೊಸ ಮುಖವಾಡ, ಹೊಸ ಸಿ.ಟಿ. ಸ್ಕ್ಯಾನ್, ಹೊಸ ಲೆಕ್ಕಾಚಾರ ಎಂದು ಮತ್ತೆ ಐದು ದಿನ ಹೋದವು.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ವಿಕಿರಣದ ಪ್ರಮಾಣವನ್ನು ಲೆಕ್ಕ ಹಾಕಿ ಪರೀಕ್ಷಿಸುವ ಮೆಡಿಕಲ್ ಫಿಸಿಸಿಸ್ಟ್ ಇಲ್ಲದೆ ಇಂಥ ಯಂತ್ರ ನಡೆಸುವಂತಿಲ್ಲ ಎಂಬ ನಿಯಮ, ಎಲ್ಲವೂ ನಿಮಗೆ ತಿಳಿದಿರುವಂಥವೇ. ನಾನು ಕೇಳುವುದು ಇಷ್ಟು. ಒಪ್ಪಂದ ಮುಗಿಯುವ ಮುನ್ನವೇ ನವೀಕರಿಸಿರಿ. ಯಂತ್ರ ಎರಡು ದಿನಕ್ಕಿಂತ ಹೆಚ್ಚು ನಿಂತರೆ ರೋಗಿಗಳನ್ನು ಸರ್ಕಾರದ ಖರ್ಚಿನಲ್ಲೇ ಬೇರೆ ಆಸ್ಪತ್ರೆಗೆ ಕಳುಹಿಸಿರಿ. ಹಣವಿಲ್ಲ ಎಂದು ಹೇಳಬೇಡಿ. ಅಷ್ಟು ಬೆಲೆಯ ಯಂತ್ರ ಕೊಂಡ ಸರ್ಕಾರಕ್ಕೆ ಅದರ ನಿರ್ವಹಣೆಯ ಹಣ ದೊಡ್ಡದಲ್ಲ. ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಿರಿ. ಬೇರೇನನ್ನೂ ಕೇಳುತ್ತಿಲ್ಲ, ಒಪ್ಪಂದವನ್ನು ಮುಗಿಯುವ ಮುನ್ನ ನವೀಕರಿಸಿರಿ.

ನಾಳೆ ಅವ್ವನಿಗೆ ಇಪ್ಪತ್ತೆರಡನೆಯ ಸರದಿ. ಹೊರಗಿನ ಬೆಂಚಿನಲ್ಲಿ ನಮ್ಮೊಂದಿಗೆ ಕಾಯುವವರಲ್ಲಿ ಬಹುಪಾಲು ನಿಮ್ಮ ಮತದಾರರೇ. ಒಂದು ಬೆಳಿಗ್ಗೆ ಬಂದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ, ಬರುವಾಗ ಆ ಕಡತವನ್ನೂ ತನ್ನಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ