ಇನ್ಮೇಲೆ ಕಿಟ್ ಒಳಗೆ ಸ್ಪೈರಲ್ ಕಪ್ಲಿಂಗ್ ಬರಲ್ಲ, ಶಾಫ್ಟ್ ಅಳತೆ ಹೇಳಿ ಆರ್ಡರ್ ಮಾಡಿ

ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ,

ಮನೇಲೇ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂಗೆ ತಾನೇ ಕತ್ತರಿಸೋ ಮೆಷಿನ್) ಕಟ್ಕೊಳ್ಳೋರಿಗೆ ಅಂತ ನಾವು ಕೊಡ್ತಿದ್ದ ಆಕ್ಸಿಸ್ (ಒಂದು ದಿಕ್ಕಿನ ಓಡಾಟದ) ಕಿಟ್ ಗೊತ್ತಲ್ಲ, ಮೋಟರ್, ಬಾಲ್ ಸ್ಕ್ರೂ, ಬೇರಿಂಗ್ ಬ್ಲಾಕ್, ಮೋಟರ್ ಶಾಫ್ಟನ್ನ ಸ್ಕ್ರೂಗೆ ಸೇರಿಸೋ ಕಪ್ಲಿಂಗ್ ಎಲ್ಲಾ ಒಂದೇ ಡಬ್ಬಲ್ಲಿ. ಮುಂದಿನ ತಿಂಗಳಿಂದ ಅದರಲ್ಲಿ ಕಪ್ಲಿಂಗ್ ಇರಲ್ಲ. ಅದರ ದುಡ್ಡು ಕಿಟ್ ಬೆಲೇಲಿ ಕಳೀತೀವಿ, ಕಪ್ಲಿಂಗ್ ಬೇರೆ ಬಿಲ್ ಆಗುತ್ತೆ, ನಿಮ್ಮ ಮೆಷಿನ್ ಏನು ಎತ್ತ ಅಂತ ಕೇಳಿ ಅದಕ್ಕೆ ಸರಿಹೋಗೋದನ್ನೇ ಕೊಡ್ತೀವಿ. ನಿಮ್ಮತ್ರ ಆಗ್ಲೇ ಒಳ್ಳೇದಿದ್ರೆ ನಮ್ಮತ್ರ ತಗೋಬೇಕು ಅಂತೇನಿಲ್ಲ.

ಇಷ್ಟು ದಿನ ಕೊಡ್ತಿದ್ದ ಸ್ಪೈರಲ್, ಅಂದ್ರೆ ಸುರುಳಿ ಸೀಳಿರೋ ಅಲ್ಯೂಮಿನಿಯಂ ಕಪ್ಲಿಂಗ್ ಕೆಟ್ಟ ಮಾಲು ಅಂತ ನಾವು ಹೇಳ್ತಿಲ್ಲ. ನೆಮಾ 17 ಅನ್ನೋ ಚಿಕ್ಕ ಸೈಜಿನ ಮೋಟರಿನ 5 ಎಂಎಂ ಶಾಫ್ಟ್‌ಗೆ 8 ಎಂಎಂ ಲೀಡ್ ಸ್ಕ್ರೂ ಸೇರಿಸೋ ಥ್ರೀಡಿ ಪ್ರಿಂಟರ್‌ಗೆ ಅದೇ ಸಾಕು, ಅಲ್ಲಿ ಲೋಡೇ ಇಲ್ಲ. ಆದ್ರೆ ಈಗ ನಿಮ್ಮಲ್ಲಿ ಹೆಚ್ಚಿನೋರು ಅದಕ್ಕಿಂತ ದೊಡ್ಡ ನೆಮಾ 23 ಹಾಕಿ ದೇವರಮನೆ ಬಾಗಿಲಿಗೆ ಎಂಡಿಎಫ್ ಜಾಲಿ ಹೊಡೀತೀರ, ತೇಗದಲ್ಲಿ ಕೆತ್ತನೆ ಮಾಡ್ತೀರ, ಸಿರಾ ಕಡೆಯವರೊಬ್ಬರು ಅಲ್ಯೂಮಿನಿಯಂ ಪ್ಲೇಟನ್ನೂ ಕತ್ತರಿಸ್ತಾರೆ. ಕಟ್ಟರ್ ಮರಕ್ಕೆ ಕಚ್ಚಿದಾಗ ಸ್ಕ್ರೂ ತಡೆಯುತ್ತೆ, ಮೋಟರ್ ಎಳೀತಾನೇ ಇರುತ್ತೆ, ಮಧ್ಯೆ ಸುರುಳಿ ಸ್ಪ್ರಿಂಗ್ ತರ ತಿರುಚ್ಕೊಳ್ಳುತ್ತೆ. ಇದಕ್ಕೇ ಎಲ್ಲರೂ ಹೆದರೋದು, ನಮಗೆ ಅದು ಅಷ್ಟು ದೊಡ್ಡ ವಿಷ್ಯ ಅನ್ಸಲ್ಲ. ಲೆಕ್ಕ ಹಾಕಿ ನೋಡಿ, 1605 ಬಾಲ್ ಸ್ಕ್ರೂ (16 ಎಂಎಂ ದಪ್ಪದ್ದು) ಒಂದು ಸುತ್ತಿಗೆ 5 ಎಂಎಂ ಹೋಗುತ್ತೆ, ಕಪ್ಲಿಂಗ್ ಪೂರ್ತಿ ಒಂದು ಡಿಗ್ರಿ ತಿರುಚಿದ್ರೂ ತಪ್ಪೋದು 0.014 ಎಂಎಂ, ಮರಕ್ಕೆ ಅದು ಯಾವ ಲೆಕ್ಕ.

ತೊಂದ್ರೆ ಕೊಡೋದು ಗ್ರಬ್ ಸ್ಕ್ರೂ, ಅಂದ್ರೆ ಆ ಕಪ್ಲಿಂಗನ್ನ ಶಾಫ್ಟ್ ಮೇಲೆ ಹಿಡಿದಿಡೋ ಚಿಕ್ಕ ಸ್ಕ್ರೂ. ಅದು ಶಾಫ್ಟನ್ನ ಒಂದೇ ಕಡೆಯಿಂದ ಒತ್ತುತ್ತೆ, ಶಾಫ್ಟ್ ಬೋರಿನ (ಕಪ್ಲಿಂಗ್ ತೂತಿನ) ಇನ್ನೊಂದು ಗೋಡೆಗೆ ಹೋಗಿ ಕೂರುತ್ತೆ, ಅಲ್ಲಿಗೇ ಸೆಂಟರ್ ಔಟ್. ಆಮೇಲೆ ದಿನಕ್ಕೆ ಸಾವಿರ ಸಲ ಹಿಂದೆ ಮುಂದೆ ರಿವರ್ಸ್ ಆಗಿ ಆಗಿ ಸ್ಕ್ರೂ ಸಡಿಲ ಆಗುತ್ತೆ, ಶಾಫ್ಟ್ ಮೇಲೆ ಗಾಯ ಮಾಡುತ್ತೆ, ಆ ಗಾಯದ ಅಂಚಲ್ಲಿ ಬರ್ (ಲೋಹದ ಮುಳ್ಳು) ಎದ್ದು ಕೊನೆಗೆ ಕಪ್ಲಿಂಗ್ ಬಿಚ್ಚೋಕೇ ಬರಲ್ಲ. ಜಾಲೀಲಿ ಇದು ಹೆಂಗೆ ಗೊತ್ತಾಗುತ್ತೆ ಅಂದ್ರೆ, ದುಂಡಗಿನ ತೂತಿನ ಮೇಲೆ, ಕೆಳಗೆ, ಎಡ, ಬಲ ನಾಲ್ಕೇ ಜಾಗದಲ್ಲಿ ಚಿಕ್ಕ ಮೆಟ್ಟಿಲು ಬಿದ್ದಿರುತ್ತೆ, ಯಾಕಂದ್ರೆ ಆಕ್ಸಿಸ್ ತಿರುಗಿ ಬರೋದು ಅಲ್ಲೇ. ಬಾಲ್ ಸ್ಕ್ರೂ ಮೇಲೆ ಓಡೋ ಬಾಲ್ ನಟ್‌ನಲ್ಲಿ ಪ್ಲೇ (ಸಡಿಲ) ಇದ್ರೂ ಹಿಂಗೇ ಆಗುತ್ತೆ, ಅದಕ್ಕೇ ನಟ್ ಬದಲಾಯ್ಸೋಕೆ ದುಡ್ಡು ಹಾಕೋ ಮುಂಚೆ ಒಂದು ಕೆಲಸ ಮಾಡಿ. ಮಾರ್ಕರ್ ತಗೊಂಡು ಶಾಫ್ಟ್ ಮೇಲಿಂದ ಕಪ್ಲಿಂಗ್ ಮೇಲಕ್ಕೆ ಒಂದೇ ಗೀಟು ಎಳೀರಿ, ಎರಡೂ ಕಡೆ. ಅರ್ಧ ಗಂಟೆ ಓಡಿಸಿ. ಗೀಟು ಮುರಿದು ಪಕ್ಕಕ್ಕೆ ಸರಿದಿದ್ರೆ ಕಳ್ಳ ಸಿಕ್ಕಿಬಿದ್ದ ಅಂತಲೇ ಲೆಕ್ಕ.

ಮೇಲೆ ಕೆಳಗೆ ಹೋಗೋ ಝಡ್ ಆಕ್ಸಿಸ್ ಕಥೆ ಬೇರೆ. ಬೇರಿಂಗ್ ಬ್ಲಾಕಿನ ದುಡ್ಡು ಉಳಿಸೋಕೆ ಹೋಗಿ ಸ್ಪಿಂಡಲ್ (ಕಟ್ಟರ್ ತಿರುಗಿಸೋ ಮೋಟರ್) ಭಾರ ಪೂರ್ತಿ ಕಪ್ಲಿಂಗಿಗೇ ನೇತು ಹಾಕಿರ್ತಾರೆ, ಸುರುಳಿ ಉದ್ದಕ್ಕೆ ಎಳ್ಕೊಳ್ಳುತ್ತೆ, ಕೆತ್ತನೆ ಆಳ ಒಂದೊಂದು ಕಡೆ ಒಂದೊಂದು ತರ. ಕಪ್ಲಿಂಗ್ ಕೆಲಸ ತಿರುಗಿಸೋದು ಮಾತ್ರ ಸ್ವಾಮಿ, ಎಳೆತ ತಳ್ಳಾಟ ಎಲ್ಲಾ ಬಿಕೆ12 ತರದ ಬ್ಲಾಕ್ ತಡೀಬೇಕು. ಬ್ಲಾಕ್ ಇಲ್ಲದ ಮೆಷಿನ್‌ಗೆ ಎಂಥಾ ಕಪ್ಲಿಂಗ್ ಹಾಕಿದ್ರೂ ದಂಡ.

ಹಾಗಾಗಿ ನೆಮಾ 23ಗೆ ನಾವು ಇನ್ಮೇಲೆ ಕೊಡೋದು ಜಾ ಕಪ್ಲಿಂಗ್, ಕ್ಲಾಂಪ್ ಟೈಪ್, ಅಂದ್ರೆ ಗ್ರಬ್ ಸ್ಕ್ರೂ ಬದಲು ಶಾಫ್ಟನ್ನ ಸುತ್ತಲೂ ಹಿಡಿಯೋದು. ಮಧ್ಯೆ ಹೂವಿನ ತರ ಇರೋ ಸ್ಪೈಡರ್ ಪಾಲಿಯುರೆಥೇನ್‌ದು, ಗಟ್ಟಿತನ 98 ಶೋರ್ ಎ ಇರೋದನ್ನೇ ಕೇಳಿ. ಬಣ್ಣ ನೋಡಿ ತಗೋಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ ಬೇರೆ. ಕೈಯಲ್ಲಿ ಒತ್ತಿ ಕೂರಿಸೋವಷ್ಟು ಬಿಗಿ ಇರಬೇಕು, ತಾನಾಗೇ ಜಾರಿ ಕೂತ್ರೆ ಅದರಲ್ಲೇ ಪ್ಲೇ ಇದೆ ಅಂತ ಅರ್ಥ. ಸವೆದ್ರೆ ಸ್ಪೈಡರ್ ಒಂದೇ ಬದಲಾಯ್ಸಬಹುದು. ಸ್ಟೆಪ್ಪರ್ ಮೋಟರ್ ಒಂದು ಸ್ಪೀಡಲ್ಲಿ ಗೊರ್ ಅಂತ ನಡುಗುತ್ತಲ್ಲ, ಅದನ್ನೂ ಈ ಹೂವು ಒಂಚೂರು ನುಂಗುತ್ತೆ. ಸರ್ವೋ ಮೋಟರ್ ಹಾಕ್ತಿರೋರು ಡಿಸ್ಕ್ ಟೈಪ್ ಕಪ್ಲಿಂಗ್ ಕೇಳಿ, ತರಿಸಿ ಕೊಡ್ತೀವಿ. ಲೇಥಲ್ಲಿ ಬುಷ್ ಹೊಡ್ಸಿ ಎರಡು ಶಾಫ್ಟನ್ನೂ ಗಟ್ಟಿಯಾಗಿ ಕಚ್ಚಿಸಿಬಿಡ್ತೀನಿ ಅನ್ನೋರಿದ್ದಾರೆ, ಬೇಡ. ಮೋಟರ್ ಮತ್ತೆ ಬ್ಲಾಕ್ ಒಂದೇ ಗೆರೇಲಿ ಕೂರೋದು ಮನೆ ಫ್ರೇಮಲ್ಲಿ ಕಷ್ಟ, ಆ ವ್ಯತ್ಯಾಸ ಎಲ್ಲಾ ಮೋಟರ್ ಬೇರಿಂಗ್ ತಲೆ ಮೇಲೆ ಬೀಳುತ್ತೆ.

ಈಗ ಅಳತೆ. ಫೋನಲ್ಲಿ "ಆರು ಎಂಎಂ ಸಾರ್" ಅಂತಾರೆ, ವರ್ನಿಯರ್ ಹಿಡಿದ್ರೆ 6.35, ಅಂದ್ರೆ ಕಾಲು ಇಂಚು. ನೆಮಾ 23ಯಲ್ಲಿ 6.35 ಇರುತ್ತೆ, 8 ಇರುತ್ತೆ. ಬಿಕೆ12 ಬ್ಲಾಕಿಗೆ ಹೊಂದೋ ಹಾಗೆ ಲೇಥಲ್ಲಿ ತಿರುವಿದ 1605 ಸ್ಕ್ರೂ ತುದಿ 10. ದಯವಿಟ್ಟು ಅಳೆದು ಹೇಳಿ, ಇಲ್ಲ ವರ್ನಿಯರ್ ಹಿಡಿದಿರೋ ಫೋಟೋ ವಾಟ್ಸಾಪ್ ಮಾಡಿ. 6ರ ಬೋರನ್ನ ಡ್ರಿಲ್ಲಲ್ಲಿ 6.5 ಮಾಡಿ ಹಾಕ್ಕೊಳ್ಳಬೇಡಿ, 0.15 ಗ್ಯಾಪ್ ಉಳಿಯುತ್ತೆ, ತೂತೂ ನೆಟ್ಟಗೆ ಬರಲ್ಲ. ತಂದ್ಕೊಡಿ, ಲೇಥಲ್ಲಿ ಬೋರ್ ಮಾಡಿ ರೀಮರ್ ಹಾಕಿ ಕೊಡ್ತೀವಿ. ನಮ್ಮ ಟರ್ನರ್ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟ್ರಿಲಿ ಕೆಲಸ ಮಾಡಿದ್ದೋರು, 0.02 ತಪ್ಪಿದ್ರೂ ಅವರ ಬಾಯಲ್ಲಿ ಬೈಗುಳ ಬರುತ್ತೆ.

ಕೂರಿಸೋವಾಗ ಶಾಫ್ಟ್ ಎಣ್ಣೆ ಒರೆಸಿ, ಎರಡು ಶಾಫ್ಟ್ ತುದಿ ಒಂದಕ್ಕೊಂದು ಮುಟ್ಟದಂಗೆ ಒಂದೆರಡು ಎಂಎಂ ಬಿಡಿ. ಮೋಟರಿನ ನಾಲ್ಕು ಬೋಲ್ಟ್ ಸಡಿಲ ಇಟ್ಟು, ಕ್ಲಾಂಪ್ ಬಿಗಿ ಮಾಡಿ, ಬಾಲ್ ಸ್ಕ್ರೂ ಕೈಯಲ್ಲಿ ಸುತ್ತಿಸಿ, ಮೋಟರ್ ತನ್ನ ಜಾಗಕ್ಕೆ ಬಂದ ಮೇಲೆ ಬೋಲ್ಟ್ ಬಿಗೀರಿ.

ಈಗಾಗಲೇ ಸ್ಪೈರಲ್ ಹಾಕಿ ಮೆಷಿನ್ ಚೆನ್ನಾಗಿ ಓಡ್ತಿರೋರು ಕೈ ಹಾಕಬೇಡಿ, ಓಡಲಿ. ಪ್ರಿಂಟರ್‌ನೋರಿಗೆ ಸ್ಪೈರಲ್ ಬಿಡಿಯಾಗಿ ಸಿಗುತ್ತೆ. ಈ ತಿಂಗಳು ಅಡ್ವಾನ್ಸ್ ಕೊಟ್ಟಿರೋರಿಗೆ ಹಳೇ ಕಿಟ್ಟೇ ಹೋಗುತ್ತೆ, ಜಾ ಬೇಕು ಅಂದ್ರೆ ಪ್ಯಾಕ್ ಆಗೋ ಮುಂಚೆ ಒಂದು ಫೋನ್ ಮಾಡಿ, ವ್ಯತ್ಯಾಸದ ದುಡ್ಡು ಮಾತ್ರ. ಗುಬ್ಬಿ, ತಿಪಟೂರು, ಸಿರಾದೋರಿಗೆ ಎಂದಿನಂತೆ ಬಸ್ ಪಾರ್ಸೆಲ್.

ಇಂತಿ,
ಅಂಗಡಿಯವರು, ಅಂತರಸನಹಳ್ಳಿ, ತುಮಕೂರು