‘ಮ’ ಗೊತ್ತು, ‘ರ’ ಗೊತ್ತು, ‘ಮರ’ ಗೊತ್ತಿಲ್ಲ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅಳುವುದೊಂದು ಬಾಕಿ ಇತ್ತು. ಮಗಳಿಗೆ ಅಕ್ಷರ ಬರುತ್ತದೆ, ‘ಮ’ ಅನ್ನುತ್ತಾಳೆ, ‘ರ’ ಅನ್ನುತ್ತಾಳೆ, ಸೇರಿಸಿ ಓದು ಅಂದರೆ ‘ಗಿಡ’ ಅನ್ನುತ್ತಾಳೆ ಅಂದೆ. ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡ. ಪಕ್ಕದ ಚಿತ್ರ ನೋಡಿ ಊಹಿಸಿದ್ದಾಳೆ, ಜಾಣೆ. ಸೇರಿಸುವುದು ಅಂದರೆ ಏನು ಅಂತ ಅವಳಿಗೆ ಇನ್ನೂ ಹೊಳೆದಿಲ್ಲ, ಅಷ್ಟೆ.

ಅವಳನ್ನು ಒಂದು ಪ್ರಶ್ನೆ ಕೇಳಿ ನೋಡು. ‘ರೈಲು’, ‘ಇರುವೆ’ ಇವೆರಡರಲ್ಲಿ ಯಾವ ಪದ ಉದ್ದ? ‘ರೈಲು’ ಅಂದರೆ ಆಶ್ಚರ್ಯಪಡಬೇಡ. ರೈಲು ಉದ್ದ ತಾನೆ! ಪುಟ್ಟ ಮಕ್ಕಳಿಗೆ ಪದ ಅಂದರೆ ಆ ವಸ್ತುವೇ. ಅದು ಬಾಯಿಂದ ಬರುವ ಸದ್ದೂ ಹೌದು ಅನ್ನುವ ಕಡೆ ಅವರ ಗಮನ ಹೋಗಿರುವುದಿಲ್ಲ. ಮೊದಲು ಅಲ್ಲಿಗೆ ತಿರುಗಿಸು. ಚಪ್ಪಾಳೆ ತಟ್ಟಿಸು. ರೈ-ಲು, ಎರಡು. ಇ-ರು-ವೆ, ಮೂರು. ಇದಕ್ಕೆ ಪುಸ್ತಕ ಬೇಡ, ಸ್ಲೇಟು ಬೇಡ. ದೀಪ ಆರಿಸಿ ಮಲಗಿದ ಮೇಲೂ ಆಡಬಹುದು.

ಅದು ಬಂದ ಮೇಲೆ ಆಮೆ ಆಟ. ನೀನು ಆಮೆಯಾಗಿ ಪದವನ್ನು ನಿಧಾನಕ್ಕೆ ಎಳೆದು ಹೇಳು, ಅವಳು ಮೊಲದ ಹಾಗೆ ಪಟ್ಟನೆ ಹೇಳಲಿ. ಆಮೇಲೆ ಅವಳು ಆಮೆ, ನೀನು ಮೊಲ. ಸುಮ್ನೆ ಆಟ ಅನ್ನಿಸುತ್ತದೆ, ಅಲ್ವಾ? ಸದ್ದು ಸೇರಿಸುವುದೂ ಬಿಡಿಸುವುದೂ ಎರಡೂ ಇದರಲ್ಲೇ ಇವೆ.

ಎಳೆದು ಹೇಳು ಅಂದೆ, ತುಂಡು ಮಾಡು ಅನ್ನಲಿಲ್ಲ. ಪಾಠ ಹೇಳಲು ಶುರು ಮಾಡಿದ ದಿನಗಳಲ್ಲಿ ನಾನು ಇದೇ ತಪ್ಪು ಮಾಡುತ್ತಿದ್ದೆ. ಒಂದೊಂದು ಅಕ್ಷರದ ಮೇಲೂ ಕೋಲಿಟ್ಟು ‘ಸ’ ಅನ್ನಿಸಿ ನಿಲ್ಲಿಸುತ್ತಿದ್ದೆ. ಆಮೇಲೆ ‘ರ’. ಆ ನಡುವಿನ ಮೌನದಲ್ಲಿ ಮೊದಲ ಸದ್ದು ಮಗುವಿನ ನೆನಪಿನಿಂದ ಜಾರಿಹೋಗುತ್ತಿತ್ತು. ಒಬ್ಬ ಹುಡುಗನಿಗೆ ವರ್ಣಮಾಲೆಯ 49 ಅಕ್ಷರವೂ ಬಾಯಿಪಾಠ, ‘ಸರ’ ಓದಲು ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಕೋಲು ಪಕ್ಕಕ್ಕಿಟ್ಟು, ಅವನ ಬೆರಳನ್ನೇ ಅಕ್ಷರಗಳ ಕೆಳಗೆ ಎತ್ತದೆ ಎಳೆಸಿದೆ. ದನಿಯನ್ನೂ ಎಲ್ಲೂ ಕಡಿಯದೆ ಎಳೆದೆ. ‘ಸಅಅಅರ...’ ‘ಸರ!’ ಅಂದವನೇ ಕತ್ತು ಮುಟ್ಟಿಕೊಂಡ. ಅಷ್ಟು ದಿನ ನನ್ನ ಕೋಲೇ ಅವನಿಗೆ ಅಡ್ಡವಾಗಿತ್ತು.

ಅಕ್ಷರ ಸೇರಿಸಲು ಬಂದ ಮೇಲೆ ಅಕ್ಷರದ ಒಳಗಿನ ಸದ್ದಿಗೆ ಹೋಗು. ಮ್, ನ್, ಲ್, ಸ್, ಶ್ ಇವನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ಕ್, ತ್, ಟ್, ಪ್ ಹುಟ್ಟಿದ ಕೂಡಲೇ ಮುಗಿದುಹೋಗುತ್ತವೆ. ಅದಕ್ಕೇ ಮೀನು, ಸೂಜಿ, ನೂಲು ಇಂಥ ಪದಗಳಿಂದ ಶುರು ಮಾಡು. ‘ಮ್‌ಮ್‌ಮ್‌ಈಈನು.’ ಕ್ ಬಂದರೆ ಅಲ್ಲಿ ನಿಲ್ಲದೆ ಮುಂದಿನ ಸ್ವರಕ್ಕೆ ಹಾರಿಬಿಡು.

ನಮ್ಮ ಲಿಪಿಯದೇ ಒಂದು ತೊಡಕಿದೆ. ‘ಕ’ ಬರೆಯಲು ಒಂದು ಅಕ್ಷರ, ಅದರೊಳಗೆ ಸದ್ದು ಎರಡು: ಕ್, ಅ. ‘ಕ ಗುಡಿಸು ಕಿ’ ಅಂತ ಹಾಡಿಸುತ್ತೇವೆ. ಆ ‘ಅ’ ಎಲ್ಲಿ ಹೋಯಿತು ಅಂತ ಮಗುವಿಗೆ ತಿಳಿಯುವುದೇ ಇಲ್ಲ. ಕಾಗುಣಿತ ಬಿಡು ಅನ್ನುತ್ತಿಲ್ಲ, ನಾನೂ ಹಾಗೇ ಕಲಿತವಳು. ಜೊತೆಗೆ ‘ಕ್, ಇ, ಕಿ’ ಅನ್ನುವುದೂ ಅವಳ ಕಿವಿಗೆ ಬೀಳುತ್ತಿರಲಿ. ಒತ್ತಕ್ಷರ ಶುರುವಾದಾಗ ಇದು ಕೈಹಿಡಿಯುತ್ತದೆ. ‘ಭಕ್ತಿ’ ಬರೆದು ನೋಡು. ಗುಡಿಸು ಕೂತಿರುವುದು ಕ ಮೇಲೆ. ಕೇಳಿಸುವುದು ತ್ ಆದ ಮೇಲೆ. ಬರೀ ಕಣ್ಣನ್ನು ನಂಬಿದ ಮಗು ‘ಭಕಿತ’ ಅಂದರೆ ಅದರ ತಪ್ಪೇನು? ಅರ್ಕಾವತ್ತಿನದೂ ಇದೇ ಕಥೆ. ಬರೆಯುವಾಗ ಅಕ್ಷರ ಆದ ಮೇಲೆ, ಹೇಳುವಾಗ ಅದಕ್ಕಿಂತ ಮೊದಲು. ಪದವನ್ನು ಕಿವಿಯಲ್ಲಿ ಬಿಡಿಸಿ ಅಭ್ಯಾಸವಿದ್ದ ಮಗು ಇಂಥ ಕಡೆ ತಡವರಿಸಿದರೂ ತಾನೇ ತಿದ್ದಿಕೊಳ್ಳುತ್ತದೆ.

ಇಂಗ್ಲಿಷಿಗೂ ಈ ‘ಅ’ ಹಿಂಬಾಲಿಸಿ ಬರುತ್ತದೆ. ‘ಬ, ಆ್ಯ, ಟ’ ಅಂತ ಹೇಳಿಕೊಟ್ಟರೆ ಎಷ್ಟು ಸೇರಿಸಿದರೂ ‘ಬ್ಯಾಟ್’ ಆಗುವುದಿಲ್ಲ. ಬಾಲ ಕತ್ತರಿಸಿ ‘ಬ್’, ‘ಟ್’ ಅನ್ನು. ‘ಬೀ, ಎ, ಟೀ’ ಅಂತೂ ಅಕ್ಷರಗಳ ಹೆಸರು, ಅವುಗಳಿಂದ ಪದ ಹುಟ್ಟುವುದಿಲ್ಲ.

ಬಾಯಲ್ಲಿ ಹೇಳಿದ್ದು ಹಿಡಿತಕ್ಕೆ ಸಿಗದಿದ್ದರೆ ಅಂಗಿಯ ಗುಂಡಿಗಳನ್ನು ಕೊಡು. ಒಂದೊಂದು ಸದ್ದಿಗೆ ಒಂದೊಂದು ಗುಂಡಿಯನ್ನು ಹಾಳೆಯಲ್ಲಿ ಬರೆದ ಒಂದೊಂದು ಚೌಕದೊಳಗೆ ತಳ್ಳಬೇಕು. ರಷ್ಯಾದ ಮನಶ್ಶಾಸ್ತ್ರಜ್ಞ ಎಲ್ಕೋನಿನ್ ಕೊಟ್ಟ ಉಪಾಯ ಇದು. ಆದರೆ ಗುಂಡಿಯಲ್ಲೇ ತಿಂಗಳುಗಟ್ಟಲೆ ನಿಲ್ಲಬೇಡ, ಬೇಗ ಅದರ ಜಾಗಕ್ಕೆ ಅಕ್ಷರ ತಾ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಅನ್ನುವ ತಜ್ಞರ ಸಮಿತಿ 2000ರಲ್ಲಿ ಕೊಟ್ಟ ವರದಿಯೂ ಸದ್ದಿನ ಜೊತೆ ಅಕ್ಷರ ಸೇರಿಸಿ ಕಲಿಸಿದರೆ ಫಲ ಜಾಸ್ತಿ ಅನ್ನುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಕಲಿತದ್ದು ಒಟ್ಟು 5ರಿಂದ 18 ಗಂಟೆ ಇಂಥ ಪಾಠ ಆದ ಕಡೆ. ದಿನಕ್ಕೆ ಹತ್ತು ನಿಮಿಷ ಸಾಕು ಮಾರಾಯ್ತಿ. ಅವಳು ಆಕಳಿಸುವ ಮೊದಲೇ ನಿಲ್ಲಿಸು.

ನಾಲ್ಕೂವರೆ ವರ್ಷಕ್ಕೆ ಇದೆಲ್ಲ ಬರಲೇಬೇಕು ಅಂತ ಹಟ ಹಿಡಿಯಬೇಡ. 1974ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ ನಾಲ್ಕು ವರ್ಷದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಪದವನ್ನು ‘ರೈ-ಲು’ ಥರ ಬಿಡಿಸಿದರು. ಒಂದೊಂದೇ ಬಿಡಿ ಸದ್ದಾಗಿ ಬಿಡಿಸಿದವರು ಒಬ್ಬರೂ ಇರಲಿಲ್ಲ. ಅದೂ ಇಂಗ್ಲಿಷ್ ಮಾತಾಡುವ ಮಕ್ಕಳು. ಕನ್ನಡ ಓದುವ ಮಕ್ಕಳಿಗೆ ಬಿಡಿ ಸದ್ದಿನ ಅರಿವು ಇನ್ನೂ ನಿಧಾನವಾಗಿ ಮೂಡುತ್ತದೆ ಅಂತ ಸಂಶೋಧಕಿ ಸೋನಾಲಿ ನಾಗ್ 2007ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಪಕ್ಕದ ಮನೆ ಮಗು ಆಗಲೇ ಓದುತ್ತದಂತೆ ಅನ್ನುವ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು.

‘ಹಾವು’ ಅನ್ನಲು ‘ಆವು’ ಅಂದರೆ ಎಲ್ಲರ ಮುಂದೆ ತಿದ್ದಬೇಡ. ಮೊದಲ ಸದ್ದು ಯಾವುದು ಅಂತ ಕೇಳಿದಾಗ ‘ಆ’ ಅಂದರೆ, ಅವಳು ಹೇಳಿದ ಪದಕ್ಕೆ ಅದೇ ಸರಿ. ನೀನು ಸ್ಪಷ್ಟವಾಗಿ ‘ಹಾವು’ ಅಂತ ಹೇಳುತ್ತಿರು. ಕರೆದರೆ ತಿರುಗದೆ ಇರುವುದು, ಟಿವಿ ದನಿ ಏರಿಸುವುದು ಇಂಥದ್ದು ಕಂಡರೆ ಮಾತ್ರ ತಡಮಾಡದೆ ಡಾಕ್ಟರಿಗೆ ಕಿವಿ ತೋರಿಸು. ನೆಗಡಿಯಾಗಿ ಕಿವಿಯೊಳಗೆ ನೀರು ಕಟ್ಟಿದರೂ ಸದ್ದು ಮಂಕಾಗುತ್ತದೆ.

ಭಾನುವಾರ ಫೋನ್ ಮಾಡಿದಾಗ ಅವಳ ಕೈಗೆ ಕೊಡು. ನಾನು ಆಮೆ, ಅವಳು ಮೊಲ. ಪದ ಯಾವುದು ಅಂತ ನಿನಗೂ ಹೇಳುವುದಿಲ್ಲ.

ನಿನ್ನ
ದೊಡ್ಡಮ್ಮ