ಹೆಗಲ ನೋವಂದ್ರ ಬರೇ ವಾಯು ಅಲ್ರೀ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ಗುಳೇದಗುಡ್ಡದಾಗ ಖಣ ನೇಯೋ ಮಂದಿ ದಿನಾ ತಾಸುಗಟ್ಟಲೆ ಮಗ್ಗದಾಗ ಕೈ ಎಳದೆಳದು ಹೆಗಲ ಕೀಲಿನ ಸುತ್ತಲಿನ ಸ್ನಾಯುರಜ್ಜು (ಸ್ನಾಯುನ ಎಲುಬಿಗೆ ಹಿಡದಿಡೋ ಪಟ್ಟಿ) ಸವದು ಊದ್ಕೊಂತಾವು, ಅದನ್ನ ಎಲ್ಲಾರೂ ವಾಯು ಹಿಡದೈತಿ ಅಂತ ಎಣ್ಣಿ ತಿಕ್ಕಿ ಸುಮ್ನಾಗ್ತಾರ. ನಾವೂ ಹಂಗ ಮಾಡಿದ್ವಿ.

ನಮ್ಮವ್ವಗ ತುರುಬು ಕಟ್ಟಾಕ ಕೈ ತಲಿಮಟ ಏಳವಲ್ದು, ರಾತ್ರಿ ಆ ಮಗ್ಗಲಾಗಿ ಮಲಗಾಕೂ ಆಗವಲ್ದು. ನಾಕ್ ತಿಂಗಳು ಎಣ್ಣಿ, ಗುಳಿಗಿ ಅಂತ ಕಳದು ಆಮ್ಯಾಲೆ ಬಾಗಲಕೋಟಿಗೆ ಕರಕೊಂಡು ಹೋದ್ರ ಡಾಕ್ಟರ್ ತಾವ ಕೈ ಹಿಡದು ಎತ್ತಿ ನೋಡಿದ್ರು, ಅವರು ಎತ್ತಿದ್ರೂ ಏಳಲಿಲ್ಲ. ಫ್ರೋಜನ್ ಶೋಲ್ಡರ್, ಅಂದ್ರ ಹೆಗಲ ಕೀಲು ಬಿಗದು ಸೆಟಗೊಂಡೈತಿ ಅಂದ್ರು. ರಜ್ಜು ಹರದಿದ್ರ ನಮಗ ಎತ್ತಾಕ ಬರೂದಿಲ್ಲ, ಆದ್ರ ಬ್ಯಾರೇದವ್ರು ಎತ್ತಿದ್ರ ಸಾಮಾನ್ಯವಾಗಿ ಏಳ್ತೈತಂತ. ಈ ಫ್ರೋಜನ್ ಶೋಲ್ಡರ್ 40ರಿಂದ 60 ವರ್ಷದ ಒಳಗಿನವ್ರಿಗೆ ಜಾಸ್ತಿ, ಅದ್ರಾಗೂ ಸಕ್ಕರಿ ಇದ್ದವ್ರಿಗೆ. ಟೆಸ್ಟ್ ಮಾಡಿಸಿದ್ರ ಅವ್ವಗ ಸಕ್ಕರಿನೂ ಇತ್ತು, ಹೆಗಲ ನೋವಿಲ್ದಿದ್ರ ಅದು ಗೊತ್ತಾಗ್ತಿದ್ದಿಲ್ಲ ನೋಡ್ರಿ! ಪೂರ್ತಿ ಸಡ್ಲ ಆಗಾಕ ವರ್ಷ, ಎರಡು ವರ್ಷನೂ ಹಿಡೀತೈತಂತ, ಈಗ ಗ್ವಾಡಿ ಮ್ಯಾಲೆ ಬೆರಳು ಹತ್ತಿಸೋ ವ್ಯಾಯಾಮ ನಡದೈತಿ.

ಕುತ್ತಿಗಿ ನರ ಒತ್ತಿದ್ರೂ ನೋವು ಹೆಗಲಿಗೆ ಇಳೀತೈತಿ, ಬೆರಳು ಜುಮ್ ಅಂತಾವು. ಎಡ ಹೆಗಲ ನೋವಿನ ಜೋಡಿ ಎದಿ ಹಿಡದು ಬೆವರು ಕಿತ್ತಿದ್ರ ಎಣ್ಣಿ ಬಾಟ್ಲಿ ಹುಡುಕಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.

ಕಣ್ಣಿನ ಕ್ಯಾಂಪ್ ಇಡ್ತಾರಲ್ಲ, ಹಂಗ ನೇಕಾರ ಓಣ್ಯಾಗ ತಿಂಗಳಿಗೊಮ್ಮೆ ಫಿಸಿಯೋಥೆರಪಿ ಕ್ಯಾಂಪೂ ಇಡ್ರಿ ಅಂತ ಆರೋಗ್ಯ ಇಲಾಖೆಯವ್ರಿಗೆ ಕೇಳ್ಕೊಂತೀನಿ.

– ನೇಕಾರರ ಮಗ, ಗುಳೇದಗುಡ್ಡ